ಬಂಧುತ್ವದ ಲೆಕ್ಕ, ಅಕ್ಕಡಿಯ ಸಾಲು: ಕಳೆನಾಶಕ ಸಹಿಷ್ಣು ಎಣ್ಣೆಕಾಳು ಬೆಳೆಗಳ ಸುರಕ್ಷತಾ ಪರಿಶೀಲನೆ ಮತ್ತು ನಂಜನಗೂಡು–ತಿ. ನರಸೀಪುರ ಸೀಮೆ

1. ಪ್ರವೇಶ

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳು ಕಪಿಲೆಯ ದಂಡೆಯ ಒಂದೇ ಸೀಮೆಗೆ ಸೇರಿದವು. ಕಬಿನಿ ಜಲಾಶಯದ ನಾಲೆ ಮುಟ್ಟುವ ಕಡೆ ಭತ್ತದ ಗದ್ದೆಗಳಿವೆ. ನಾಲೆ ಮುಟ್ಟದ ಕಡೆ ಮಳೆಯನ್ನೇ ನೆಚ್ಚಿದ ಹೊಲಗಳಿವೆ. ಹಳೆಯ ಮೈಸೂರು ಭಾಗದ ಇತರ ಒಣಭೂಮಿಗಳಂತೆ ಇಲ್ಲಿಯೂ ರಾಗಿಯ ಹೊಲವೆಂದರೆ ರಾಗಿಯೊಂದರ ಹೊಲವಲ್ಲ. ಕೂರಿಗೆಯ ಕೆಲವು ಸಾಲುಗಳಿಗೊಮ್ಮೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಹರಳು, ಸಾಸಿವೆಗಳನ್ನು ಬಿತ್ತುವ ಪದ್ಧತಿಗೆ ಅಕ್ಕಡಿ ಎಂದು ಹೆಸರು. ಈ ಪದ್ಧತಿಯಲ್ಲಿ ಸಾಸಿವೆಗೆ ಪ್ರತ್ಯೇಕ ಹೊಲವಿಲ್ಲ. ಅದು ಇನ್ನೊಂದು ಬೆಳೆಯ ಆಶ್ರಯದಲ್ಲಿ ಬೆಳೆದು ಮನೆಯ ಒಗ್ಗರಣೆಗೆ ಸಾಕಾಗುವಷ್ಟು ಕಾಳು ಕೊಡುವ ಸಣ್ಣ ಬೆಳೆ.

ಇದೇ ಸಾಸಿವೆ ಕಳೆದ ಎರಡು ದಶಕಗಳಿಗೂ ಮಿಕ್ಕಿ ರಾಷ್ಟ್ರಮಟ್ಟದ ಒಂದು ದೊಡ್ಡ ವಿವಾದದ ಕೇಂದ್ರವಾಗಿದೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಡಿಎಂಎಚ್–11 ಎಂಬ ಕುಲಾಂತರಿ ಸಾಸಿವೆಗೆ 2022ರ ಅಕ್ಟೋಬರಿನಲ್ಲಿ ಪರಿಸರ ಬಿಡುಗಡೆಯ ಅನುಮತಿ ದೊರೆಯಿತು. ಅದನ್ನು ಕುರಿತು 2024ರ ಜುಲೈ 23ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಈ ಸಾಸಿವೆಯ ಪರವಾಗಿ ಮಂಡಿತವಾದ ವಾದಗಳಲ್ಲಿ ಒಂದು ಮುಖ್ಯವಾದುದು: ಇದರ ಬಂಧುವಾದ ಕನೋಲವನ್ನು ಕೆನಡಾ, ಆಸ್ಟ್ರೇಲಿಯ ಮೊದಲಾದ ದೇಶಗಳಲ್ಲಿ ಬಹುಕಾಲದಿಂದ ಬೆಳೆಯಲಾಗುತ್ತಿದೆ, ಅಲ್ಲಿ ಸುರಕ್ಷಿತವೆಂದು ಕಂಡುಬಂದ ವಂಶವಾಹಿಗಳೇ ಇಲ್ಲಿಯೂ ಇವೆ.

ಒಂದು ಬೆಳೆಯ ಸುರಕ್ಷತೆಯನ್ನು ತೂಗುವಾಗ ಅದರ ಬಂಧುಗಳ ಚರಿತ್ರೆಯನ್ನು ಎಷ್ಟರಮಟ್ಟಿಗೆ ಸಾಕ್ಷ್ಯವಾಗಿ ಒಪ್ಪಬಹುದು ಎಂಬ ಪ್ರಶ್ನೆಯನ್ನು ಈ ಸೀಮೆಯ ಹೊಲ ಮತ್ತು ಅಡುಗೆಮನೆಗಳ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸಸ್ಯಗಳ ಬಂಧುತ್ವ ಸುರಕ್ಷತೆಯ ಲೆಕ್ಕದ ಅರ್ಧ ಮಾತ್ರ, ಬಳಕೆಯ ಬಂಧುತ್ವ ಉಳಿದರ್ಧ ಎಂಬುದು ಇಲ್ಲಿನ ಪ್ರತಿಪಾದನೆ.

2. ಪದಗಳ ನೆಲೆ

ಈ ಚರ್ಚೆ ಕನ್ನಡಕ್ಕೆ ಬಂದಾಗ ಅದರೊಡನೆ ಬಂದ ಪಾರಿಭಾಷಿಕ ಪದಗಳು ತಮ್ಮದೇ ಅರ್ಥಛಾಯೆಗಳನ್ನು ಹೊತ್ತಿವೆ. 'ಕುಲಾಂತರಿ' ಎಂಬುದು ಚೆಲುವಾದ ಸೃಷ್ಟಿ. ಆದರೆ ಕುಲದ ಗಡಿ ದಾಟುವುದೇ ಈ ತಂತ್ರದ ವಿಶೇಷ ಲಕ್ಷಣವೆಂಬ ಭಾವನೆಯನ್ನು ಅದು ಮೂಡಿಸುತ್ತದೆ. ಮುಂದೆ ಕಾಣುವಂತೆ, ಸಾಸಿವೆ ತಾನೇ ಪ್ರಭೇದಗಳ ಗಡಿ ದಾಟಿ ಹುಟ್ಟಿದ ಸಸ್ಯ. 'ಸಹಿಷ್ಣು' ಎಂಬುದು ನಮ್ಮಲ್ಲಿ ಸದ್ಗುಣವಾಚಕ. ಕಳೆನಾಶಕ ಸಹಿಷ್ಣು ಬೆಳೆ ಎಂದಾಗ ಬೆಳೆಯ ತಾಳ್ಮೆ ಕಣ್ಣಿಗೆ ಬೀಳುತ್ತದೆಯೇ ಹೊರತು ಅದರ ಸುತ್ತ ಸಾಯಬೇಕಾದ ಗಿಡಗಳು ಬೀಳುವುದಿಲ್ಲ.

'ಕಳೆ' ಎಂಬ ಪದ ಇನ್ನೂ ಮುಖ್ಯವಾದುದು. ತೆಗೆ, ಹೋಗಲಾಡಿಸು ಎಂಬರ್ಥದ 'ಕಳೆ' ಧಾತುವಿಗೂ ಹೊಲದ ಕಳೆಗೂ ಇರುವ ನಂಟು ದ್ರಾವಿಡ ನಿಘಂಟುಕಾರರು ಗುರುತಿಸಿರುವಂಥದು. ತಮಿಳಿನ 'ಕಳೈ' ಕೂಡ ಇದೇ ಬಳ್ಳಿಯದು. ಹಾಗಾಗಿ ಕನ್ನಡದಲ್ಲಿ ಕಳೆ ಎನ್ನುವುದು ಯಾವುದೇ ಸಸ್ಯಜಾತಿಯ ಹೆಸರಲ್ಲ. ತೆಗೆಯಬೇಕಾದುದು ಎಂಬ ಕ್ರಿಯೆಯ, ನಿರ್ಣಯದ ಹೆಸರು. ಆ ನಿರ್ಣಯ ಕುಡುಗೋಲು ಹಿಡಿದವರ ಕೈಯಲ್ಲಿರುತ್ತದೆ. ರಾಗಿ ಹೊಲದಲ್ಲಿ ಕಳೆ ಕೀಳುವ ಹೆಂಗಸರು ಅಣ್ಣೆಸೊಪ್ಪು, ಗಣಿಕೆಸೊಪ್ಪು, ಗೋಣಿಸೊಪ್ಪು, ಕೀರೆಗಳನ್ನು ಬೇರೆಯಾಗಿ ಆಯ್ದು ಮಡಿಲಿಗೆ ಹಾಕಿಕೊಳ್ಳುತ್ತಾರೆ. ಸಂಜೆ ಅದು ಬೆರಕೆಸೊಪ್ಪಿನ ಸಾರಾಗುತ್ತದೆ. ಒಂದೇ ಗಿಡ ಬೆಳಗ್ಗೆ ಕಳೆ, ಸಂಜೆ ಸೊಪ್ಪು. ಕಳೆನಾಶಕಕ್ಕೆ ಈ ವಿವೇಚನೆ ಇಲ್ಲ.

ಬಂಧುತ್ವದ ವಿಷಯದಲ್ಲಿಯೂ ಕನ್ನಡದ ಲೆಕ್ಕ ಸಸ್ಯಶಾಸ್ತ್ರದ ಲೆಕ್ಕಕ್ಕಿಂತ ಬೇರೆ. ಹುಚ್ಚೆಳ್ಳು ಹೆಸರಿನಲ್ಲಿ ಎಳ್ಳಿನ ನೆಂಟ, ಕುಟುಂಬದಲ್ಲಿ ಸೂರ್ಯಕಾಂತಿಯ ನೆಂಟ. ಹೊಲದ ಬದಿಯಲ್ಲಿ ತಾನಾಗಿ ಹುಟ್ಟುವ ನಾಯಿಸಾಸಿವೆ ಸಾಸಿವೆಯ ಕುಟುಂಬಕ್ಕೆ ಸೇರಿದ್ದಲ್ಲ. ಸಾಸಿವೆಯೊಡನೆ ಅದರ ಸಂಕರವಾಗುವುದಿಲ್ಲ. 'ಎಣ್ಣೆ' ಎಂಬ ಪದವೇ ಎಳ್ಳಿನ ನೆಯ್ಯಿಂದ, ಅಂದರೆ 'ಎಳ್+ನೆಯ್' ಎಂಬುದರಿಂದ ಹುಟ್ಟಿ, ಆಮೇಲೆ ಎಲ್ಲ ಕಾಳುಗಳ ಜಿಡ್ಡಿಗೂ ಸಾಮಾನ್ಯ ನಾಮವಾಯಿತು. ಬಳಕೆಯ ಸಾಮ್ಯದಿಂದ ನೆಂಟಸ್ತನ ಕಲ್ಪಿಸುವುದು ಭಾಷೆಯ ರೀತಿ, ವಂಶದ ಸಾಮ್ಯದಿಂದ ಕಲ್ಪಿಸುವುದು ಶಾಸ್ತ್ರದ ರೀತಿ. ಸುರಕ್ಷತಾ ಪರಿಶೀಲನೆಗೆ ಈ ಎರಡೂ ಬೇಕಾಗುತ್ತವೆ.

3. ಸಾಸಿವೆಯ ವಂಶಾವಳಿ

ಸಂಸ್ಕೃತದ 'ಸರ್ಷಪ' ಪ್ರಾಕೃತದ ಮೂಲಕ ಹಾದು ಕನ್ನಡದಲ್ಲಿ 'ಸಾಸವೆ', 'ಸಾಸಿವೆ' ಆಯಿತು. ಸಸ್ಯಶಾಸ್ತ್ರದಲ್ಲಿ ನಮ್ಮ ಸಾಸಿವೆಯ ಹೆಸರು ಬ್ರಾಸಿಕ ಜುನ್ಸಿಯ. ಈ ಕುಲದ ಆರು ಪ್ರಮುಖ ಪ್ರಭೇದಗಳ ಸಂಬಂಧವನ್ನು 1935ರಲ್ಲಿ ನಾಗಹರು ಯು ಎಂಬ ವಿಜ್ಞಾನಿ ಒಂದು ತ್ರಿಕೋನದ ರೂಪದಲ್ಲಿ ವಿವರಿಸಿದನು. ತ್ರಿಕೋನದ ಮೂರು ಮೂಲೆಗಳಲ್ಲಿ ಮೂರು ಮೂಲ ಪ್ರಭೇದಗಳಿವೆ: 20 ವರ್ಣತಂತುಗಳ ಬ್ರಾಸಿಕ ರಾಪ, 16 ವರ್ಣತಂತುಗಳ ಕರಿಸಾಸಿವೆ ಅಥವಾ ಬ್ರಾಸಿಕ ನೈಗ್ರ, 18 ವರ್ಣತಂತುಗಳ ಬ್ರಾಸಿಕ ಒಲೆರೇಸಿಯ. ಉತ್ತರ ಭಾರತದ ತೋರಿಯಾ ಮೊದಲನೆಯ ಪ್ರಭೇದಕ್ಕೂ, ಎಲೆಕೋಸು, ಹೂಕೋಸು, ನವಿಲುಕೋಸುಗಳು ಮೂರನೆಯ ಪ್ರಭೇದಕ್ಕೂ ಸೇರಿದವು. ಈ ಮೂರರ ಪೈಕಿ ಎರಡೆರಡು ಕೂಡಿ ಬೇರೆ ಮೂರು ಪ್ರಭೇದಗಳು ಹುಟ್ಟಿವೆ. ರಾಪ ಮತ್ತು ನೈಗ್ರ ಕೂಡಿ 36 ವರ್ಣತಂತುಗಳ ನಮ್ಮ ಸಾಸಿವೆ, ರಾಪ ಮತ್ತು ಒಲೆರೇಸಿಯ ಕೂಡಿ 38 ವರ್ಣತಂತುಗಳ ಬ್ರಾಸಿಕ ನೇಪಸ್, ನೈಗ್ರ ಮತ್ತು ಒಲೆರೇಸಿಯ ಕೂಡಿ 34 ವರ್ಣತಂತುಗಳ ಇಥಿಯೋಪಿಯದ ಸಾಸಿವೆ. ಕನೋಲವೆಂದು ಕರೆಯಲಾಗುವ ಬೆಳೆ ಬಹುಪಾಲು ನೇಪಸ್ ಪ್ರಭೇದದ್ದು.

ಈ ವಂಶಾವಳಿಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಸಾಸಿವೆಗೂ ಕನೋಲಕ್ಕೂ ರಾಪದ ವರ್ಣತಂತು ಗುಂಪು ಸಮಾನವಾಗಿದೆ. ಆದ್ದರಿಂದ ಒಂದರಿಂದ ಇನ್ನೊಂದಕ್ಕೆ ಸಂಕರಣದ ಮೂಲಕ ಗುಣವನ್ನು ದಾಟಿಸುವುದು ಸಾಧ್ಯ. ಎರಡನೆಯದಾಗಿ, ತಳಿವಿಜ್ಞಾನಿಗೆ ಅನುಕೂಲವಾದ ಇದೇ ದಾರಿ ಪ್ರಯೋಗಶಾಲೆಯ ಹೊರಗೂ ತೆರೆದಿರುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಕಳೆನಾಶಕ ಸಹಿಷ್ಣು ಕನೋಲದ ವಂಶವಾಹಿಯು ಹೊಲದ ಕಳೆಯಾಗಿದ್ದ ಬ್ರಾಸಿಕ ರಾಪಕ್ಕೆ ದಾಟಿತು. ಆ ಕಳೆನಾಶಕದ ಒತ್ತಡ ಇಲ್ಲದಿದ್ದರೂ ಅದು ಆರು ವರ್ಷಗಳ ಕಾಲ ಅಲ್ಲಿ ಉಳಿದುಕೊಂಡಿತ್ತೆಂದು 2008ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದಕ್ಕೂ ಮೊದಲು, 1998ರಲ್ಲಿ, ಆಲ್ಬರ್ಟಾ ಪ್ರಾಂತದ ಒಂದು ಹೊಲದಲ್ಲಿ ಹಿಂದಿನ ಬೆಳೆಯ ಉದುರು ಬೀಜದಿಂದ ಹುಟ್ಟಿದ ಕನೋಲ ಗಿಡಗಳು ಮೂರು ಬೇರೆ ಬೇರೆ ಬಗೆಯ ಕಳೆನಾಶಕಗಳನ್ನು ತಾಳಿಕೊಳ್ಳುವುದು ಕಂಡುಬಂದಿತ್ತು. ಮೂರು ತಳಿಗಳ ಗುಣಗಳು ಪರಾಗದ ಮೂಲಕ ಒಂದೇ ಗಿಡದಲ್ಲಿ ಸೇರಿದ್ದವು. ಬಂಧುತ್ವವು ಸುರಕ್ಷತೆಯ ಸಾಕ್ಷ್ಯವಾಗುವಂತೆ ಅಪಾಯದ ದಾರಿಯೂ ಆಗಬಲ್ಲುದೆಂಬುದಕ್ಕೆ ಇವು ನಿದರ್ಶನಗಳು.

4. ಡಿಎಂಎಚ್–11ರ ರಚನೆ ಮತ್ತು ಅದರ ಕಾನೂನು ಪಯಣ

ಸಾಸಿವೆಯ ಹೂವು ಬಹುಪಾಲು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಆದಕಾರಣ ಎರಡು ತಳಿಗಳ ಸಂಕರ ಬೀಜವನ್ನು ದೊಡ್ಡ ಪ್ರಮಾಣದಲ್ಲಿ ಪಡೆಯುವುದು ಕಷ್ಟ. ಈ ತೊಡಕನ್ನು ನಿವಾರಿಸಲು ದೀಪಕ್ ಪೆಂಟಲ್ ಅವರ ನೇತೃತ್ವದ ದೆಹಲಿ ವಿಶ್ವವಿದ್ಯಾಲಯದ ತಂಡವು ಮಣ್ಣಿನ ಬ್ಯಾಕ್ಟೀರಿಯಾಗಳಿಂದ ಪಡೆದ ಮೂರು ವಂಶವಾಹಿಗಳನ್ನು ಬಳಸಿತು. 'ಬಾರ್ನೇಸ್' ಎಂಬುದು ಪರಾಗಕೋಶದ ಒಳಪದರವನ್ನು ನಾಶಮಾಡಿ ತಾಯಿ ತಳಿಯನ್ನು ಪರಾಗಹೀನಗೊಳಿಸುತ್ತದೆ. ತಂದೆ ತಳಿಯಲ್ಲಿರುವ 'ಬಾರ್‌ಸ್ಟಾರ್' ಮುಂದಿನ ಪೀಳಿಗೆಯಲ್ಲಿ ಬಾರ್ನೇಸನ್ನು ನಿಷ್ಕ್ರಿಯಗೊಳಿಸಿ ಫಲವಂತಿಕೆಯನ್ನು ಮರಳಿ ಕೊಡುತ್ತದೆ. ಮೂರನೆಯದಾದ 'ಬಾರ್' ಗ್ಲುಫೋಸಿನೇಟ್ ಎಂಬ ಕಳೆನಾಶಕವನ್ನು ತಾಳಿಕೊಳ್ಳುವ ಶಕ್ತಿಯನ್ನು ನೀಡುತ್ತದೆ. ವರುಣಾ ಎಂಬ ಭಾರತೀಯ ತಳಿ ತಾಯಿ. ಪೂರ್ವ ಯೂರೋಪಿನ ಮೂಲದ ಇಎಚ್–2 ತಂದೆ.

ಇಲ್ಲಿ ಕಳೆನಾಶಕದ ಪಾತ್ರವೇನೆಂಬುದನ್ನು ಸರಿಯಾಗಿ ಗ್ರಹಿಸಬೇಕು. ತಾಯಿ ತಳಿಯ ಸಾಲಿನಲ್ಲಿ ಹುಟ್ಟುವ ಗಿಡಗಳ ಪೈಕಿ ಅರ್ಧದಷ್ಟರಲ್ಲಿ ಬಾರ್ನೇಸ್ ಇರುವುದಿಲ್ಲ. ಅವುಗಳನ್ನು ಬೇರ್ಪಡಿಸಲು ಬೀಜೋತ್ಪಾದನೆಯ ಹೊಲದಲ್ಲಿ ಗ್ಲುಫೋಸಿನೇಟ್ ಸಿಂಪಡಿಸಿ ಅವು ಸಾಯುವಂತೆ ಮಾಡಲಾಗುತ್ತದೆ. ಹೀಗಾಗಿ ಕಳೆನಾಶಕ ಸಹಿಷ್ಣುತೆ ಬೀಜೋತ್ಪಾದನೆಯ ಉಪಕರಣವೇ ಹೊರತು ಬೆಳೆಯ ಉದ್ದೇಶವಲ್ಲ ಎಂಬುದು ಸಮರ್ಥಕರ ವಾದ. ಉದ್ದೇಶವೇನೇ ಇರಲಿ, ರೈತನ ಕೈಗೆ ಬರುವ ಪ್ರತಿಯೊಂದು ಸಂಕರ ಕಾಳಿನಲ್ಲಿಯೂ ಆ ಗುಣವಿದೆ ಎಂಬುದು ವಿರೋಧಿಗಳ ವಾದ. ಎರಡು ಹೇಳಿಕೆಗಳೂ ಸತ್ಯವೇ. ವಿವಾದವಿರುವುದು ಸತ್ಯಾಂಶದಲ್ಲಲ್ಲ, ಉದ್ದೇಶವನ್ನು ತೂಗಬೇಕೋ ಪರಿಣಾಮವನ್ನು ತೂಗಬೇಕೋ ಎಂಬುದರಲ್ಲಿ.

ಭಾರತದಲ್ಲಿ ಇಂಥ ಬೆಳೆಗಳ ನಿಯಂತ್ರಣವು 1986ರ ಪರಿಸರ ಸಂರಕ್ಷಣಾ ಕಾಯಿದೆಯಡಿ ರೂಪಿಸಿದ 1989ರ ನಿಯಮಗಳಿಗೆ ಒಳಪಟ್ಟಿದೆ. ಇದೇ ಮೂರು ವಂಶವಾಹಿಗಳ ವ್ಯವಸ್ಥೆಯನ್ನು ಬಳಸಿದ್ದ ಖಾಸಗಿ ಕಂಪನಿಯೊಂದರ ಸಾಸಿವೆಗೆ 2002ರಲ್ಲಿ ಅನುಮತಿ ದೊರೆಯಲಿಲ್ಲ. ಸರ್ವೋಚ್ಚ ನ್ಯಾಯಾಲಯ ನೇಮಿಸಿದ ತಾಂತ್ರಿಕ ತಜ್ಞರ ಸಮಿತಿಯ ಬಹುಮತದ ವರದಿಯು 2013ರಲ್ಲಿ ಕಳೆನಾಶಕ ಸಹಿಷ್ಣು ಬೆಳೆಗಳು ಭಾರತದ ಕೃಷಿಗೆ ಹೊಂದುವುದಿಲ್ಲವೆಂದು ಅಭಿಪ್ರಾಯಪಟ್ಟಿತು. ಕುಲಾಂತರಿ ಬೆಳೆಗಳ ಮೌಲ್ಯಮಾಪನ ಸಮಿತಿಯು 2017ರ ಮೇ ತಿಂಗಳಿನಲ್ಲಿ ಡಿಎಂಎಚ್–11ನ್ನು ಶಿಫಾರಸು ಮಾಡಿದರೂ ಸರ್ಕಾರ ಅದನ್ನು ತಡೆಹಿಡಿಯಿತು. 2022ರ ಅಕ್ಟೋಬರ್ 18ರಂದು ಸಮಿತಿ ಮತ್ತೆ ಶಿಫಾರಸು ಮಾಡಿದಾಗ ರೈತರ ಹೊಲದಲ್ಲಿ ಕಳೆನಾಶಕ ಬಳಸಕೂಡದೆಂಬ ಷರತ್ತನ್ನು ವಿಧಿಸಿತು. 2024ರ ತೀರ್ಪಿನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಈ ಅನುಮತಿ ದೋಷಪೂರ್ಣವೆಂದೂ, ನ್ಯಾಯಮೂರ್ತಿ ಸಂಜಯ್ ಕರೋಲ್ ಅವರು ಅದನ್ನು ಸ್ವೇಚ್ಛೆಯ ನಿರ್ಧಾರವೆನ್ನಲಾಗದೆಂದೂ ಹೇಳಿದರು. ಆದರೆ ಎಲ್ಲ ಬಾಧ್ಯಸ್ಥರೊಡನೆ ಸಮಾಲೋಚಿಸಿ ಕೇಂದ್ರ ಸರ್ಕಾರ ರಾಷ್ಟ್ರೀಯ ನೀತಿಯೊಂದನ್ನು ರೂಪಿಸಬೇಕೆಂಬುದರಲ್ಲಿ ಇಬ್ಬರಿಗೂ ಒಮ್ಮತವಿತ್ತು.

5. ಪರಿಶೀಲನೆಯ ವಿಧಾನ

ಕುಲಾಂತರಿ ಆಹಾರದ ಪರಿಶೀಲನೆಗೆ ಕೋಡೆಕ್ಸ್ ಆಯೋಗವು 2003ರಲ್ಲಿ ಅಂಗೀಕರಿಸಿದ ಮಾರ್ಗಸೂಚಿಗಳು ಜಗತ್ತಿನ ಬಹುತೇಕ ಕಡೆ ಆಧಾರವಾಗಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2008ರಲ್ಲಿ ತನ್ನ ಮಾರ್ಗಸೂಚಿಗಳನ್ನು ಹೊರತಂದಿತು. ಈ ವಿಧಾನದ ತಿರುಳು ಹೋಲಿಕೆ. ಹೊಸ ಬೆಳೆಯನ್ನು ಅದರದೇ ಕುಲಾಂತರಿಯಲ್ಲದ ತಾಯಿ ತಳಿಯೊಡನೆ ಹೋಲಿಸಿ, ವ್ಯತ್ಯಾಸ ಕಂಡ ಕಡೆ ಪರೀಕ್ಷೆಯನ್ನು ಆಳಗೊಳಿಸುವುದು. ಹೊಸ ಪ್ರೋಟೀನಿನ ರಚನೆ ತಿಳಿದಿರುವ ವಿಷಗಳನ್ನಾಗಲಿ ಒಗ್ಗದಿಕೆ ತರುವ ವಸ್ತುಗಳನ್ನಾಗಲಿ ಹೋಲುತ್ತದೆಯೇ, ಜಠರರಸದಲ್ಲಿ ಅದು ಬೇಗ ಕರಗುತ್ತದೆಯೇ, ಪ್ರಾಣಿಗಳಿಗೆ ತಿನ್ನಿಸಿದಾಗ ಏನಾಗುತ್ತದೆ ಎಂಬುದನ್ನು ನೋಡುವುದು ವಾಡಿಕೆ.

ಒಂದು ಪ್ರಭೇದದ ಕಡತ ಇನ್ನೊಂದು ಪ್ರಭೇದಕ್ಕೆ ನೆರವಾಗುವುದು ಈ ಹಂತದಲ್ಲಿಯೇ. ಬಾರ್ ವಂಶವಾಹಿಯಿಂದ ಉತ್ಪತ್ತಿಯಾಗುವ ಪ್ರೋಟೀನು ಕನೋಲದಲ್ಲಿದ್ದರೂ ಸಾಸಿವೆಯಲ್ಲಿದ್ದರೂ ಒಂದೇ. ಆದ್ದರಿಂದ ಆ ಪ್ರೋಟೀನಿನ ವಿಷಗುಣವನ್ನು ಕುರಿತ ಪುರಾವೆಯನ್ನು ಮತ್ತೆ ಮೊದಲಿನಿಂದ ಸಂಗ್ರಹಿಸಬೇಕಿಲ್ಲ. ಈ ತರ್ಕ ನ್ಯಾಯವಾದುದೇ. ಆದರೆ ಕಾಳಿನ ರಾಸಾಯನಿಕ ರಚನೆಗೆ ಇದನ್ನು ವಿಸ್ತರಿಸಲು ಬರುವುದಿಲ್ಲ. ಕನೋಲದ ಎಣ್ಣೆಯಲ್ಲಿ ಎರೂಸಿಕ್ ಆಮ್ಲ ಶೇ. 2ಕ್ಕಿಂತ ಕಡಿಮೆ, ಭಾರತದ ಸಾಂಪ್ರದಾಯಿಕ ಸಾಸಿವೆಯಲ್ಲಿ ಅದು ಶೇ. 40ನ್ನೂ ಮೀರುತ್ತದೆ. ಕಾಳಿನ ಖಾರಕ್ಕೆ ಕಾರಣವಾದ ಗ್ಲುಕೋಸಿನೋಲೇಟುಗಳ ವಿಷಯದಲ್ಲಿಯೂ ಎರಡಕ್ಕೂ ಬಹಳ ಅಂತರವಿದೆ. ಕಳೆನಾಶಕದ ಶೇಷಾಂಶವಂತೂ ಸಿಂಪಡಿಸುವ ಪ್ರಮಾಣ, ಕಾಲ, ಹವೆಗಳನ್ನು ಅವಲಂಬಿಸಿದ್ದು. ಸಹಿಷ್ಣು ಗಿಡವು ಗ್ಲುಫೋಸಿನೇಟನ್ನು ಬೇರೊಂದು ರೂಪಕ್ಕೆ ಪರಿವರ್ತಿಸಿ ಇರಿಸಿಕೊಳ್ಳುವುದರಿಂದ ಆ ರೂಪದ ಶೇಷವನ್ನೂ ಅಳೆಯಬೇಕಾಗುತ್ತದೆ. ಯೂರೋಪಿನ ಒಕ್ಕೂಟದಲ್ಲಿ ಗ್ಲುಫೋಸಿನೇಟಿನ ಅನುಮತಿ 2018ರಲ್ಲಿ ಕೊನೆಗೊಂಡಿತೆಂಬುದೂ ಇಲ್ಲಿ ಸ್ಮರಣೀಯ. ಪ್ರೋಟೀನಿನ ಕಡತ, ಕಾಳಿನ ಕಡತ, ಸಿಂಪಡಣೆಯ ಕಡತ ಎಂಬ ಈ ಮೂರರಲ್ಲಿ ಮೊದಲನೆಯದು ಮಾತ್ರ ಗಡಿ ದಾಟಿ ಸುಲಭವಾಗಿ ಸಂಚರಿಸಬಲ್ಲುದು.

6. ಈ ಸೀಮೆ ಕೇಳುವ ಮೂರು ಪ್ರಶ್ನೆಗಳು

ಡಿಎಂಎಚ್–11ರ ಕ್ಷೇತ್ರ ಪ್ರಯೋಗಗಳು ರಾಜಸ್ಥಾನ, ಪಂಜಾಬ್, ದೆಹಲಿಗಳಲ್ಲಿ ನಡೆದವು. ಸಾಸಿವೆ ಅಲ್ಲಿ ಚಳಿಗಾಲದ ದೊಡ್ಡ ಬೆಳೆಯಾಗಿರುವುದರಿಂದ ಅದು ಸಹಜವೇ. ಆದರೆ ಕಾಳು ಬೆಳೆದಲ್ಲಿಯೇ ಉಳಿಯುವುದಿಲ್ಲ. ಉತ್ತರದ ಸಾಸಿವೆ ಕರ್ನಾಟಕದ ದಿನಸಿ ಅಂಗಡಿಗಳಿಗೂ ಬರುತ್ತದೆ. ಅಂಗಡಿಯ ಕಾಳು ಮೊಳೆಯುವ ಕಾಳೂ ಹೌದು. ಆದಕಾರಣ ಕಪಿಲೆಯ ದಂಡೆಯಿಂದಲೂ ಮೂರು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ.

ಮೊದಲನೆಯದು ಎಲೆಯ ಮೇಲಿನ ಪ್ರಶ್ನೆ. ಕನೋಲದ ಪರಿಶೀಲನೆಯಲ್ಲಿ ಮನುಷ್ಯನ ಆಹಾರವೆಂದರೆ ಮುಖ್ಯವಾಗಿ ಶುದ್ಧೀಕರಿಸಿದ ಎಣ್ಣೆ. ಅದರಲ್ಲಿ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಹೊಸ ಪ್ರೋಟೀನು ದೇಹಕ್ಕೆ ಸೇರುವ ಪ್ರಮಾಣವೂ ನಗಣ್ಯ. ನಂಜನಗೂಡಿನ ಅಡುಗೆಮನೆಯಲ್ಲಿ ಸಾಸಿವೆ ಎಣ್ಣೆಕಾಳೇ ಅಲ್ಲ. ಇಲ್ಲಿ ಎಣ್ಣೆಗೆ ಎಳ್ಳು, ಹುಚ್ಚೆಳ್ಳು, ಕಡಲೆಕಾಯಿ, ಸೂರ್ಯಕಾಂತಿಗಳಿವೆ. ಸಾಸಿವೆ ಇಡಿಯಾಗಿ ಒಗ್ಗರಣೆಯಲ್ಲಿ ಸಿಡಿಯುತ್ತದೆ, ಪುಡಿಯಾಗಿ ಉಪ್ಪಿನಕಾಯಿಗೆ ಬೀಳುತ್ತದೆ, ತೆಂಗಿನಕಾಯಿಯೊಡನೆ ಹಸಿಯಾಗಿ ಅರೆದು ಮೊಸರಿಗೆ ಬೆರೆತು 'ಸಾಸಿವೆ' ಎಂಬ ಹೆಸರಿನ ವ್ಯಂಜನವಾಗುತ್ತದೆ. ಎಳೆಯ ಗಿಡದ ಸೊಪ್ಪೂ ಸಾರಿಗೆ ಸಲ್ಲುತ್ತದೆ. ಪ್ರಮಾಣ ಅಲ್ಪವಾದರೂ ತಿನ್ನುವುದು ಇಡೀ ಕಾಳನ್ನು, ಕೆಲವೊಮ್ಮೆ ಬೇಯಿಸದೆ. ಇದರಿಂದ ಅಪಾಯವುಂಟೆಂದು ಸಿದ್ಧವಾಗುವುದಿಲ್ಲ. ಬಾರ್ನೇಸ್ ಪರಾಗಕೋಶದ ಒಳಪದರದಲ್ಲಿ ಮಾತ್ರ ಕೆಲಸ ಮಾಡುವಂತೆ ರಚಿತವಾಗಿದೆ, ಬಾರ್ ಪ್ರೋಟೀನಿನ ಪರೀಕ್ಷೆಗಳು ಸಾಕಷ್ಟು ನಡೆದಿವೆ. ಆದರೆ 'ಎಣ್ಣೆಯಲ್ಲಿ ಪ್ರೋಟೀನು ಇಲ್ಲ' ಎಂಬ ಕನೋಲದ ಸಮಾಧಾನ ಇಲ್ಲಿಗೆ ಅನ್ವಯಿಸುವುದಿಲ್ಲ. ಇಲ್ಲಿನ ಉತ್ತರ ಇಲ್ಲಿನ ಊಟದ ಲೆಕ್ಕದಿಂದಲೇ ಬರಬೇಕು.

ಎರಡನೆಯದು ಸಾಲಿನ ಪ್ರಶ್ನೆ. ಗ್ಲುಫೋಸಿನೇಟ್ ಹುಲ್ಲಿನ ಜಾತಿ, ಅಗಲ ಎಲೆಯ ಜಾತಿ ಎಂಬ ಭೇದವಿಲ್ಲದೆ ಹಸಿರಾದ ಎಲ್ಲವನ್ನೂ ಕೊಲ್ಲುತ್ತದೆ. ಅಕ್ಕಡಿಯ ಹೊಲದಲ್ಲಿರುವ ಐದಾರು ಬೆಳೆಗಳ ಪೈಕಿ ಸಾಸಿವೆಯೊಂದು ಸಹಿಷ್ಣುವಾದರೆ ಪ್ರಯೋಜನವಿಲ್ಲ. ರಾಗಿ, ಅವರೆ, ಹುಚ್ಚೆಳ್ಳುಗಳೆಲ್ಲ ಸಾಯುತ್ತವೆ. ಹೀಗಾಗಿ ಕಳೆನಾಶಕ ಸಹಿಷ್ಣುತೆಯು ಗಿಡದ ಗುಣವಷ್ಟೇ ಅಲ್ಲ, ಹೊಲದ ವಿನ್ಯಾಸವೂ ಹೌದು. ಇಡೀ ಹೊಲದಲ್ಲಿ ಒಂದೇ ಬೆಳೆ ಇರಬೇಕೆ��ಬುದು ಅದರ ಪೂರ್ವಷರತ್ತು. ಅಕ್ಕಡಿಯ ತರ್ಕ ಇದಕ್ಕೆ ವಿರುದ್ಧವಾದುದು: ಒಂದು ಮಳೆ ತಪ್ಪಿ ರಾಗಿ ಕೈಕೊಟ್ಟರೆ ತಡವಾಗಿ ಕೊಯ್ಲಿಗೆ ಬರುವ ಅವರೆ, ತೊಗರಿ, ಹರಳುಗಳು ಮನೆಯನ್ನು ಕಾಯುತ್ತವೆ. ಸಿಂಪಡಿಸದವನ ಹೊಲಕ್ಕೂ ಗಾಳಿಯಲ್ಲಿ ತೇಲಿಬಂದ ಹನಿಗಳು ಹಾನಿ ಮಾಡಬಲ್ಲವು. ಷರತ್ತಿನಿಂದ ಇದನ್ನು ತಡೆಯಬಹುದೆಂಬ ನಂಬಿಕೆಗೆ ಹತ್ತಿಯ ಅನುಭವ ಆಸರೆಯಾಗುವುದಿಲ್ಲ. ಅನುಮತಿಯೇ ಇಲ್ಲದ ಕಳೆನಾಶಕ ಸಹಿಷ್ಣು ಹತ್ತಿಯನ್ನು 2019ರಲ್ಲಿ ಮಹಾರಾಷ್ಟ್ರದ ಅಕೋಲಾ ಜಿಲ್ಲೆಯಲ್ಲಿ ರೈತ ಸಂಘಟನೆಯೇ ಬಹಿರಂಗವಾಗಿ ಬಿತ್ತಿತು.

ಇಲ್ಲಿ ಇನ್ನೊಂದು ಮಗ್ಗುಲನ್ನೂ ಮರೆಮಾಚಬಾರದು. ಕಳೆ ಕೀಳಲು ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಕೊಡಲಾಗುವುದಿಲ್ಲ ಎಂಬುದು ಒಣಭೂಮಿಯ ಸಣ್ಣ ಹಿಡುವಳಿದಾರನ ನಿಜವಾದ ಸಂಕಟ. ಅಕೋಲಾದ ರೈತರನ್ನು ಆ ದಾರಿಗೆ ನೂಕಿದುದೂ ಅದೇ. ಕಳೆ ಕೀಳುವ ಕೂಲಿ ಮತ್ತೊಬ್ಬಳ ಜೀವನಾಧಾರ ಎಂಬುದೂ ಅಷ್ಟೇ ನಿಜ. ಈ ಎರಡು ಬಡತನಗಳ ನಡುವಿನ ನ್ಯಾಯವನ್ನು ಯಾವ ವಂಶವಾಹಿಯ ಕಡತವೂ ತೀರ್ಮಾನಿಸಲಾರದು.

ಮೂರನೆಯದು ಬೀಜದ ಪ್ರಶ್ನೆ. ಅಕ್ಕಡಿಯ ಸಾಸಿವೆಗೆ ಬೀಜ ಕೊಳ್ಳುವ ರೂಢಿ ಕಡಿಮೆ. ಹೋದ ವರ್ಷದ ಕಾಳು, ಇಲ್ಲವೇ ನೆರೆಮನೆಯಿಂದ ಬೇಡಿ ತಂದ ಒಂದು ಹಿಡಿ. ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ ಹಕ್ಕನ್ನು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಎತ್ತಿಹಿಡಿದಿದೆ. ಡಿಎಂಎಚ್–11ರ ಬೆಳೆಯಿಂದ ಉಳಿಸಿದ ಕಾಳನ್ನು ಬಿತ್ತಿದರೆ ಏನಾಗುತ್ತದೆಂಬುದನ್ನು ಮೆಂಡೆಲನ ನಿಯಮದಿಂದಲೇ ಲೆಕ್ಕಹಾಕಬಹುದು. ಸ್ವಪರಾಗಸ್ಪರ್ಶವಾಯಿತೆಂದೂ ಬಾರ್ನೇಸ್, ಬಾರ್‌ಸ್ಟಾರ್‌ಗಳು ಒಂದನ್ನೊಂದು ಅವಲಂಬಿಸದೆ ಹಂಚಿಹೋಗುತ್ತವೆಂದೂ ಇಟ್ಟುಕೊಂಡರೆ, ಎರಡನೆಯ ಪೀಳಿಗೆಯ 32 ಗಿಡಗಳಲ್ಲಿ ಸರಾಸರಿ 6 ಗಿಡಗಳು ಬಾರ್‌ಸ್ಟಾರ್ ಇಲ್ಲದೆ ಬಾರ್ನೇಸ್ ಮಾತ್ರ ಇರುವುವಾಗಿ ಪರಾಗಹೀನವಾಗುತ್ತವೆ. 30 ಗಿಡಗಳು ಕಳೆನಾಶಕ ಸಹಿಷ್ಣುತೆಯನ್ನು ಉಳಿಸಿಕೊಳ್ಳುತ್ತವೆ. ಪರಾಗಹೀನ ಗಿಡಗಳು ನೆರೆಯ ಗಿಡಗಳ ಪರಾಗದಿಂದ ಕಾಯಿ ಕಟ್ಟಬಲ್ಲವು. ಅಂದರೆ ಸ್ವಪರಾಗಕ್ಕೆ ಒಲಿದ ಬೆಳೆಯಲ್ಲಿಯೇ ಪರಪರಾಗದ ಒಂದು ಬಾಗಿಲು ತೆರೆಯುತ್ತದೆ. ಈ ಸೀಮೆಯಲ್ಲಿ ತೋರಿಯಾದಂತಹ ಹತ್ತಿರದ ಬಂಧುಗಳ ಬೆಳೆ ಇಲ್ಲದಿರುವುದರಿಂದ ಮತ್ತು ಕೋಸಿನ ಜಾತಿಗಳೊಡನೆ ಸಾಸಿವೆಯ ಸಂಕರ ಬಹಳ ಕಷ್ಟವಾದುದರಿಂದ ಕ್ವಿಬೆಕ್‌ನಂಥ ಅಂತರಪ್ರಭೇದ ಹರಿವಿನ ಸಾಧ್ಯತೆ ಇಲ್ಲಿ ಕಡಿಮೆ. ಇಲ್ಲಿ ಹರಿವು ನಡೆಯಬಹುದಾದುದು ಪ್ರಭೇದದ ಒಳಗೇ, ಮನೆಯಿಂದ ಮನೆಗೆ, ಮಡಿಲಿನಿಂದ ಮಡಿಲಿಗೆ.

7. ಹತ್ತಿ ಮತ್ತು ಭತ್ತದ ಪಾಠ

ಬಂಧುತ್ವದ ಲೆಕ್ಕ ಬೆಳೆಯಿಂದ ಬೆಳೆಗೆ ಹೇಗೆ ಬದಲಾಗುತ್ತದೆಂಬುದನ್ನು ನಂಜನಗೂಡಿನ ಹೊಲದ ಮತ್ತೊಂದು ಬೆಳೆಯಾದ ಹತ್ತಿ ತೋರಿಸುತ್ತದೆ. ಹತ್ತಿಯೂ ಎಣ್ಣೆ ಕೊಡುವ ಬೆಳೆ. ಅದರ ಹಿಂಡಿ ದನಗಳಿಗೆ ಮೇವು. 2002ರ ಮಾರ್ಚಿನಲ್ಲಿ ದಕ್ಷಿಣದ ರಾಜ್ಯಗಳೂ ಸೇರಿದಂತೆ ಅನುಮತಿ ಪಡೆದ ಬಿಟಿ ಹತ್ತಿ ಕೀಟನಿರೋಧಕವೇ ಹೊರತು ಕಳೆನಾಶಕ ಸಹಿಷ್ಣುವಲ್ಲ. ಅದಕ್ಕೂ ಮುನ್ನ, 1998ರ ನವೆಂಬರಿನಲ್ಲಿ, ಎಂ.ಡಿ. ನಂಜುಂಡಸ್ವಾಮಿ ಅವರ ನಾಯಕತ್ವದ ರಾಜ್ಯ ರೈತ ಸಂಘವು ರಾಯಚೂರು ಜಿಲ್ಲೆಯಲ್ಲಿ ಅದರ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟಿತ್ತು. ಕುಲಾಂತರಿ ಹತ್ತಿ 52 ವರ್ಣತಂತುಗಳ ಅಮೆರಿಕದ ಪ್ರಭೇದಕ್ಕೆ ಸೇರಿದ್ದು. ನಮ್ಮ ನಾಟಿ ಹತ್ತಿಗಳು 26 ವರ್ಣತಂತುಗಳವು. ಇವೆರಡೂ ಕೂಡಿದರೂ ಹುಟ್ಟುವ ಸಸಿ ಸಾಮಾನ್ಯವಾಗಿ ಬಂಜೆ. ಆದ್ದರಿಂದ ನಾಟಿ ಹತ್ತಿಯ ವಂಶವಾಹಿ ಕೆಡಲಿಲ್ಲ. ಆದರೂ ಹೊಲಗಳಿಂದ ನಾಟಿ ಹತ್ತಿ ಕಣ್ಮರೆಯಾಯಿತು. ವಂಶವಾಹಿ ದಾಟದಿದ್ದರೂ ತಳಿ ಅಳಿಯಬಲ್ಲುದು. ಅದನ್ನು ಅಳಿಸುವುದು ಪರಾಗವಲ್ಲ, ಪೇಟೆ.

ತಿ. ನರಸೀಪುರದ ಗದ್ದೆಗಳಿಗೆ ಸಲ್ಲುವ ಉದಾಹರಣೆ ಭತ್ತದ್ದು. ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು 2021ರಲ್ಲಿ ಹೊರತಂದ ಪೂಸಾ ಬಾಸ್ಮತಿ 1979 ಮತ್ತು 1985 ಎಂಬ ತಳಿಗಳು ಇಮಾಜೆಥಾಪಿರ್ ಎಂಬ ಕಳೆನಾಶಕವನ್ನು ತಾಳಿಕೊಳ್ಳುತ್ತವೆ. ಉತ್ಪರಿವರ್ತನೆಯಿಂದ ಬಂದ ಗುಣವಾದುದರಿಂದ ಅವು ಕುಲಾಂತರಿಗಳಲ್ಲ. ಸಾಸಿವೆಗೆ ಅನ್ವಯವಾದ ಪರಿಶೀಲನೆ ಅವುಗಳಿಗೆ ಅನ್ವಯಿಸಲಿಲ್ಲ. ಸಿಂಪಡಣೆ, ಶೇಷಾಂಶ, ಕಳೆಭತ್ತದೊಡನೆ ಸಂಕರ, ಕೂಲಿಯ ನಷ್ಟ ಎಂಬ ಪ್ರಶ್ನೆಗಳಾದರೋ ಅವೇ. ಗುಣವನ್ನು ತಂದ ದಾರಿಗಿಂತ ಗುಣದ ಪರಿಣಾಮವನ್ನು ಪರಿಶೀಲನೆಯ ಆಧಾರವಾಗಿಸುವುದು ಉಚಿತವೆಂಬುದನ್ನು ಈ ವ್ಯತ್ಯಾಸ ಎತ್ತಿ ತೋರಿಸುತ್ತದೆ.

8. ಸಮಾರೋಪ

ಅಪಾಯವೇ ಇಲ್ಲದ ಬೆಳೆ ಬೇಕೆನ್ನುವುದು ಸಾವಿಲ್ಲದ ಮನೆಯ ಸಾಸಿವೆ ಕೇಳಿದಂತೆ. ಸುರಕ್ಷತೆ ಎಂಬುದು ಯಾವುದರೊಡನೆ ಹೋಲಿಸಿ, ಯಾರಿಗೆ, ಯಾವ ಬಳಕೆಯಲ್ಲಿ ಎಂಬ ಪ್ರಶ್ನೆಗಳಿಗೆ ದೊರೆಯುವ ಉತ್ತರ. ಬಂಧು ಪ್ರಭೇದದ ಕಡತ ಪ್ರೋಟೀನಿನ ಮಟ್ಟಿಗೆ ಮೌಲಿಕವಾದ ಸಾಕ್ಷ್ಯ. ಅದನ್ನು ತಳ್ಳಿಹಾಕುವುದು ಅವಿವೇಕ. ಕಾಳು, ಸಿಂಪಡಣೆ, ಹೊಲ, ಊಟಗಳಿಗೂ ಅದೇ ಸಾಕೆನ್ನುವುದು ಅಷ್ಟೇ ಅವಿವೇಕ.

ಕೃಷಿ ರಾಜ್ಯಪಟ್ಟಿಯ ವಿಷಯ. ಕ್ಷೇತ್ರ ಪ್ರಯೋಗಗಳಿಗೆ ರಾಜ್ಯದ ಒಪ್ಪಿಗೆ ಬೇಕೆಂಬ ನಿಲುವು 2011ರಿಂದ ರೂಢಿಗೆ ಬಂದಿತು. ಕುಲಾಂತರಿ ಬದನೆಯ ವಿಷಯದಲ್ಲಿ 2010ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಹಿರಂಗ ಸಮಾಲೋಚನೆ ನಡೆದು, ಮೂರು ದಿನಗಳ ತರುವಾಯ ಆ ಬೆಳೆಗೆ ತಡೆ ಬಿದ್ದಿತು. 2016ರಲ್ಲಿ ಸಾಸಿವೆಯ ಸುರಕ್ಷತಾ ವರದಿ ಸಾರ್ವಜನಿಕರ ಮುಂದೆ ಬಂದುದು ಇಂಗ್ಲಿಷಿನಲ್ಲಿ. ಅಭಿಪ್ರಾಯ ತಿಳಿಸಲು ಒಂದು ತಿಂಗಳ ಅವಧಿಯಿತ್ತು. ಪೂರ್ಣ ದಾಖಲೆಯನ್ನು ದೆಹಲಿಯ ಸಚಿವಾಲಯಕ್ಕೆ ಹೋಗಿ ನೋಡಬೇಕಿತ್ತು. ನಂಜನಗೂಡಿನ ಅಕ್ಕಡಿಯ ರೈತ ತನ್ನ ಮೂರು ಪ್ರಶ್ನೆಗಳನ್ನು ಎಲ್ಲಿ, ಯಾವ ಭಾಷೆಯಲ್ಲಿ ಕೇಳಬೇಕಾಗಿತ್ತು?

ಕನ್ನಡ ಅಧ್ಯಯನಕ್ಕೆ ಈ ವಿಷಯದಲ್ಲಿ ಹೊಣೆಯಿರುವುದು ಇಲ್ಲಿಯೇ. ಬೆರಕೆಸೊಪ್ಪಿನ ಹೆಸರುಗಳನ್ನು, ಅಕ್ಕಡಿಯ ಸಾಲುಗಳ ಲೆಕ್ಕವನ್ನು, ಸಾಸಿವೆಯನ್ನು ತಿನ್ನುವ ಬಗೆಗಳನ್ನು ಈ ಸೀಮೆಯ ಹೆಂಗಸರಿಂದ ಕೇಳಿ ದಾಖಲಿಸಿದರೆ ಅದು ಜಾನಪದ ಸಂಗ್ರಹವಷ್ಟೇ ಆಗುವುದಿಲ್ಲ. ಯಾವ ಗಿಡ ಕಳೆ, ಯಾವುದು ಊಟ ಎಂಬ ನಿರ್ಣಯದ ಪುರಾವೆಯಾಗಿ ಅದು ಸುರಕ್ಷತೆಯ ಕಡತದಲ್ಲಿಯೂ ಸ್ಥಾನ ಪಡೆಯಬೇಕಾದ ದಾಖಲೆ.